ಪೂರ್ವ ಬೆಂಗಳೂರಿನ ಕಾರ್ಮಿಕ ಸಂಘಗಳು ಮತ್ತು ಆರ್ಥಿಕ ಬಿಕ್ಕಟ್ಟು

ಪೂರ್ವ ಬೆಂಗಳೂರಿನ ಕಾರ್ಮಿಕ ಸಂಘಗಳು ಮುಖ್ಯವಾಗಿ ಕಗ್ಗದಾಸಪುರ, ಬೈಯಪ್ಪನಹಳ್ಳಿ, ತಿಪ್ಪಸಂದ್ರ ಹಾಗೂ ಕೃಷ್ಣರಾಜಪುರದ ಸುತ್ತಮುತ್ತ ಸ್ಥಾಪನೆಯಾದ ಸಾರ್ವಜನಿಕ ಉದ್ಯಮಗಳಲ್ಲಿ ಬೆಳೆದುಬಂದ ಸಂಘಟನೆಗಳಾಗಿವೆ. 1980-81ರ ಎಪ್ಪತ್ತೇಳು ದಿನಗಳ ಮುಷ್ಕರ ಇವುಗಳ ಇತಿಹಾಸದ ಪ್ರಮುಖ ಘಟನೆ. 1991ರ ವಿದೇಶಿ ವಿನಿಮಯ ಬಿಕ್ಕಟ್ಟಿನ ನಂತರ ಈ ಸಂಘಗಳ ಶಕ್ತಿ ಕುಗ್ಗಿತು. ಕಾಯಂ ಕಾರ್ಮಿಕರಿಗೆ ಕಾನೂನು ನೀಡಿದ್ದ ರಕ್ಷಣೆ ಆಗ ರದ್ದಾಗಲಿಲ್ಲ. ಆ ರಕ್ಷಣೆಗೆ ಒಳಪಟ್ಟ ಕಾರ್ಮಿಕರ ಸಂಖ್ಯೆಯೇ ಸ್ವಯಂ ನಿವೃತ್ತಿ, ಕಾರ್ಖಾನೆಗಳ ಮುಚ್ಚುವಿಕೆ ಮತ್ತು ಗುತ್ತಿಗೆ ಪದ್ಧತಿಯಿಂದ ಇಳಿಯುತ್ತ ಬಂದಿತು.

ಹಿನ್ನೆಲೆ

ಕಗ್ಗದಾಸಪುರವು ಮೂಲತಃ ಬೆಂಗಳೂರು ದಂಡಿನ ಪ್ರದೇಶದ ಪೂರ್ವಕ್ಕಿದ್ದ ಒಂದು ಹಳ್ಳಿ. ಇದರ ದಕ್ಷಿಣಕ್ಕೆ 1940ರ ಡಿಸೆಂಬರ್‌ನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. ಅದೇ ಮುಂದೆ ಹಿಂದೂಸ್ತಾನ್ ಏರೋನಾಟಿಕ್ಸ್ ಲಿಮಿಟೆಡ್ (ಎಚ್‌ಎಎಲ್) ಆಯಿತು. 1948ರಲ್ಲಿ ಕೃಷ್ಣರಾಜಪುರದ ಬಳಿಯ ದೂರವಾಣಿನಗರದಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ (ಐಟಿಐ) ಆರಂಭವಾಯಿತು. 1964ರಲ್ಲಿ ಭಾರತ್ ಅರ್ತ್ ಮೂವರ್ಸ್ (ಬಿಇಎಂಎಲ್) ಸ್ಥಾಪನೆಗೊಂಡು, ಅದರ ಬೆಂಗಳೂರು ಘಟಕವು ಹೊಸ ತಿಪ್ಪಸಂದ್ರದಲ್ಲಿ ನೆಲೆಗೊಂಡಿತು. 1965ರಲ್ಲಿ ಬೈಯಪ್ಪನಹಳ್ಳಿಯಲ್ಲಿ ಜರ್ಮನಿಯ ಎಇಜಿ ಕಂಪನಿಯ ಸಹಯೋಗದೊಂದಿಗೆ ರಾಜ್ಯ ಸರ್ಕಾರದ ವಿದ್ಯುತ್ ಉಪಕರಣಗಳ ಕಾರ್ಖಾನೆ ಎನ್‌ಜಿಇಎಫ್ ರೂಪುಗೊಂಡಿತು.

ಈ ಕಾರ್ಖಾನೆಗಳಲ್ಲಿ ಉದ್ಯೋಗ ದೊರೆತರೆ ಕಾಯಂ ನೌಕರಿ, ಭವಿಷ್ಯನಿಧಿ, ಕ್ಯಾಂಟೀನ್, ಕಂಪನಿಯ ಬಸ್ಸು ಮತ್ತು ಹಲವರಿಗೆ ವಸತಿಯೂ ದೊರೆಯುತ್ತಿತ್ತು. ಒಂದೇ ಕಾರ್ಖಾನೆಯಲ್ಲಿ ಸಾವಿರಾರು ಕಾರ್ಮಿಕರು ದೀರ್ಘಕಾಲ ಜೊತೆಯಾಗಿ ದುಡಿಯುತ್ತಿದ್ದುದು ಸಂಘಟನೆಗೆ ಅನುಕೂಲವಾಯಿತು.

ಕಾನೂನಿನ ಚೌಕಟ್ಟು

ಸಂಘ ಕಟ್ಟುವ ಹಕ್ಕಿಗೆ 1926ರ ಕಾರ್ಮಿಕ ಸಂಘಗಳ ಕಾಯ್ದೆಯೂ, ಮುಷ್ಕರ, ಬೀಗಮುದ್ರೆ ಮತ್ತು ವಜಾ ಕ್ರಮಗಳ ನಿಯಂತ್ರಣಕ್ಕೆ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯೂ ಆಧಾರವಾಗಿದ್ದವು. 1976ರಲ್ಲಿ ಎರಡನೆಯ ಕಾಯ್ದೆಗೆ ಐದು-ಬಿ ಅಧ್ಯಾಯವನ್ನು ಸೇರಿಸಲಾಯಿತು. ಇದರ ಪ್ರಕಾರ 300 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಕಾರ್ಮಿಕರನ್ನು ಕಡಿತಗೊಳಿಸಲು ಅಥವಾ ಕಾರ್ಖಾನೆಯನ್ನು ಮುಚ್ಚಲು ಸರ್ಕಾರದ ಪೂರ್ವಾನುಮತಿ ಅಗತ್ಯವಾಗಿತ್ತು. 1982ರ ತಿದ್ದುಪಡಿಯು ಈ ಮಿತಿಯನ್ನು 100ಕ್ಕೆ ಇಳಿಸಿತು. ಬಿಕ್ಕಟ್ಟಿನ ಕಾಲದಲ್ಲಿ ಕೆಲಸ ಉಳಿಸಿಕೊಳ್ಳಲು ಕಾಯಂ ಕಾರ್ಮಿಕರಿಗೆ ಇದ್ದ ಪ್ರಮುಖ ಕಾನೂನು ರಕ್ಷಣೆ ಇದಾಗಿತ್ತು. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯು ಗುತ್ತಿಗೆ ಪದ್ಧತಿಯನ್ನು ನಿಯಂತ್ರಿಸುತ್ತಿತ್ತಾದರೂ ಸಂಪೂರ್ಣವಾಗಿ ನಿಷೇಧಿಸಿರಲಿಲ್ಲ.

1980-81ರ ಮುಷ್ಕರ

1979ರ ಎರಡನೆಯ ತೈಲ ಬಿಕ್ಕಟ್ಟಿನ ಪರಿಣಾಮವಾಗಿ ಭಾರತದಲ್ಲಿ ಬೆಲೆಗಳು ತೀವ್ರವಾಗಿ ಏರಿದವು. ಸಾರ್ವಜನಿಕ ಉದ್ಯಮಗಳಲ್ಲಿ ತುಟ್ಟಿಭತ್ಯೆಯನ್ನು ಬೆಲೆ ಸೂಚ್ಯಂಕದ ಪ್ರತಿ ಅಂಶಕ್ಕೆ ನಿಗದಿತ ಮೊತ್ತದಂತೆ ನೀಡಲಾಗುತ್ತಿತ್ತು. ಮೊತ್ತ ಎಲ್ಲರಿಗೂ ಒಂದೇ ಆಗಿದ್ದರಿಂದ, ಹೆಚ್ಚು ವೇತನ ಪಡೆಯುತ್ತಿದ್ದ ನುರಿತ ಕಾರ್ಮಿಕರಿಗೆ ಬೆಲೆಯೇರಿಕೆಯ ಪೂರ್ಣ ಪರಿಹಾರ ದೊರೆಯುತ್ತಿರಲಿಲ್ಲ. ಇದೇ ಕಾಲದಲ್ಲಿ ಮತ್ತೊಂದು ಕೇಂದ್ರೋದ್ಯಮವಾದ ಭಾರತ್ ಹೆವಿ ಎಲೆಕ್ಟ್ರಿಕಲ್ಸ್‌ನ (ಬಿಎಚ್‌ಇಎಲ್) ಕಾರ್ಮಿಕರು ಉತ್ತಮ ವೇತನ ಪಡೆಯುತ್ತಿದ್ದರು. ಅವರಿಗೆ ಸಮನಾದ ವೇತನ ನೀಡಬೇಕೆಂಬುದು ಬೆಂಗಳೂರಿನ ಸಂಘಗಳ ಮುಖ್ಯ ಬೇಡಿಕೆಯಾಯಿತು.

ಎಚ್‌ಎಎಲ್, ಐಟಿಐ, ಬಿಇಎಂಎಲ್, ಭಾರತ್ ಎಲೆಕ್ಟ್ರಾನಿಕ್ಸ್ ಮತ್ತು ಎಚ್‌ಎಂಟಿ ಸಂಘಗಳು ಪಕ್ಷಭೇದ ಮರೆತು ಜಂಟಿ ಕ್ರಿಯಾ ವೇದಿಕೆಯನ್ನು ರಚಿಸಿಕೊಂಡವು. 1980ರ ಡಿಸೆಂಬರ್ 26ರಂದು ಆರಂಭವಾದ ಮುಷ್ಕರವು ಎಪ್ಪತ್ತೇಳು ದಿನ ನಡೆದು 1981ರ ಮಾರ್ಚ್‌ನಲ್ಲಿ ಮುಗಿಯಿತು. ಹತ್ತಾರು ಸಾವಿರ ಕಾರ್ಮಿಕರು ಇದರಲ್ಲಿ ಪಾಲ್ಗೊಂಡರು. ಆಗ ಕೇಂದ್ರದಲ್ಲಿ ಇಂದಿರಾ ಗಾಂಧಿ, ರಾಜ್ಯದಲ್ಲಿ ಆರ್. ಗುಂಡೂರಾವ್ ಅವರ ಸರ್ಕಾರಗಳಿದ್ದವು.

ಮಾತುಕತೆಗೆ ಕುಳಿತ ಆಡಳಿತ ಮಂಡಳಿಗಳಿಗೆ ವೇತನ ನಿರ್ಧರಿಸುವ ಪೂರ್ಣ ಸ್ವಾತಂತ್ರ್ಯ ಇರಲಿಲ್ಲ. ದೆಹಲಿಯ ಸಾರ್ವಜನಿಕ ಉದ್ಯಮಗಳ ಬ್ಯೂರೊ ಹೊರಡಿಸುತ್ತಿದ್ದ ಮಾರ್ಗಸೂಚಿಗಳು ವೇತನದ ಮಿತಿಯನ್ನು ನಿಗದಿಪಡಿಸುತ್ತಿದ್ದವು. ಹೀಗಾಗಿ ಬೆಂಗಳೂರಿನ ಕಾರ್ಮಿಕರು ವಾಸ್ತವದಲ್ಲಿ ಕೇಂದ್ರ ಸರ್ಕಾರದೊಡನೆಯೇ ಚೌಕಾಸಿ ನಡೆಸಬೇಕಾಯಿತು. ಎರಡೂವರೆ ತಿಂಗಳು ಸಂಬಳವಿಲ್ಲದೆ ಕಳೆದ ಕಾರ್ಮಿಕರು ವೇತನ ಸಮಾನತೆಯ ಬೇಡಿಕೆ ಈಡೇರದೆಯೇ ಕೆಲಸಕ್ಕೆ ಮರಳಿದರು. ಅದೇ ವರ್ಷ ಕೇಂದ್ರ ಸರ್ಕಾರವು ಅಗತ್ಯ ಸೇವೆಗಳ ನಿರ್ವಹಣಾ ಕಾನೂನನ್ನು ತಂದು, ಅಗತ್ಯವೆಂದು ಪರಿಗಣಿಸಿದ ಸೇವೆಗಳಲ್ಲಿ ಮುಷ್ಕರವನ್ನು ನಿಷೇಧಿಸುವ ಅಧಿಕಾರ ಪಡೆಯಿತು. ನವೆಂಬರ್‌ನಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿಯಿಂದ ದೊಡ್ಡ ಸಾಲವನ್ನೂ ಪಡೆಯಿತು.

1991ರ ಬಿಕ್ಕಟ್ಟು ಮತ್ತು ನಂತರ

1991ರ ಮಧ್ಯಭಾಗದಲ್ಲಿ ಭಾರತದ ವಿದೇಶಿ ವಿನಿಮಯ ಸಂಗ್ರಹವು ಕೆಲವೇ ವಾರಗಳ ಆಮದಿಗೆ ಸಾಲುವಷ್ಟಕ್ಕೆ ಇಳಿಯಿತು. ಚಿನ್ನವನ್ನು ಅಡವಿಟ್ಟು, ಜುಲೈ ಮೊದಲ ವಾರದಲ್ಲಿ ರೂಪಾಯಿಯನ್ನು ಎರಡು ಬಾರಿ ಅಪಮೌಲ್ಯಗೊಳಿಸಲಾಯಿತು. ಜುಲೈ 24ರಂದು ಹೊಸ ಕೈಗಾರಿಕಾ ನೀತಿ ಪ್ರಕಟವಾಯಿತು. ಇದನ್ನು ವಿರೋಧಿಸಿ ಕಾರ್ಮಿಕ ಸಂಘಗಳು ನವೆಂಬರ್ 29ರಂದು ದೇಶವ್ಯಾಪಿ ಮುಷ್ಕರ ನಡೆಸಿದವು. ನಷ್ಟದಲ್ಲಿರುವ ಸಾರ್ವಜನಿಕ ಉದ್ಯಮಗಳನ್ನು ಕೈಗಾರಿಕಾ ಮತ್ತು ಹಣಕಾಸು ಪುನರ್‌ನಿರ್ಮಾಣ ಮಂಡಳಿಯ (ಬಿಐಎಫ್‌ಆರ್) ವ್ಯಾಪ್ತಿಗೆ ತರಲಾಯಿತು. 1992ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ನವೀಕರಣ ನಿಧಿಯ ಉದ್ದೇಶಗಳಲ್ಲಿ ಕಾರ್ಮಿಕರ ಮರುತರಬೇತಿಯೂ ಸೇರಿತ್ತು. ಆದರೆ ಅದರ ಬಹುಪಾಲು ಹಣ ಸ್ವಯಂ ನಿವೃತ್ತಿಯ ಪರಿಹಾರಕ್ಕೆ ವೆಚ್ಚವಾಯಿತು.

ಸ್ವಯಂ ನಿವೃತ್ತಿ ಯೋಜನೆಗೆ ಐದು-ಬಿ ಅಧ್ಯಾಯ ಅನ್ವಯವಾಗುತ್ತಿರಲಿಲ್ಲ. ಕಾರ್ಮಿಕನೇ ಒಪ್ಪಿ ಹೊರಡುವುದರಿಂದ ಅದು ಕಾನೂನಿನ ದೃಷ್ಟಿಯಲ್ಲಿ ಕಡಿತವಲ್ಲ. ಸಂಘದ ಒಪ್ಪಿಗೆಯೂ ಬೇಕಿರಲಿಲ್ಲ. ಕಾರ್ಖಾನೆಗೆ ಕೆಲಸವೇ ಇಲ್ಲದಿರುವಾಗ ದೊರೆಯುವ ಇಡುಗಂಟನ್ನು ನಿರಾಕರಿಸುವುದು ಕಾರ್ಮಿಕನಿಗೆ ಕಷ್ಟವಾಗಿತ್ತು.

ಐಟಿಐ: ದೂರಸಂಪರ್ಕ ಇಲಾಖೆಯೇ ಐಟಿಐನ ಪ್ರಮುಖ ಗ್ರಾಹಕವಾಗಿತ್ತು. ದೂರಸಂಪರ್ಕ ಉಪಕರಣಗಳ ತಯಾರಿಕೆಗೆ ಖಾಸಗಿ ಕಂಪನಿಗಳು ಪ್ರವೇಶಿಸಿದ ನಂತರ ಖಚಿತವಾದ ಬೇಡಿಕೆ ಕೈತಪ್ಪಿತು. ಯಾಂತ್ರಿಕ ವಿನಿಮಯ ಕೇಂದ್ರಗಳ ಸ್ಥಾನದಲ್ಲಿ ಎಲೆಕ್ಟ್ರಾನಿಕ್ ವಿನಿಮಯ ಕೇಂದ್ರಗಳು ಬಂದುದರಿಂದ ಕಾರ್ಮಿಕರ ಅಗತ್ಯವೂ ಇಳಿಯಿತು. 2014ರಲ್ಲಿ ಕೇಂದ್ರ ಸಂಪುಟವು 4,156.79 ಕೋಟಿ ರೂಪಾಯಿಗಳ ಪುನಶ್ಚೇತನ ಯೋಜನೆಗೆ ಒಪ್ಪಿಗೆ ನೀಡಿತು.

ಎನ್‌ಜಿಇಎಫ್: ಸ್ಪರ್ಧೆ ಹೆಚ್ಚಿದಂತೆ ಕಂಪನಿಯು ನಷ್ಟಕ್ಕೊಳಗಾಗಿ 2000ರ ದಶಕದ ಆರಂಭದಲ್ಲಿ ಮುಚ್ಚಿತು. ಅದರ ಸಮಾಪನ ಮತ್ತು ಆಸ್ತಿ ಮಾರಾಟದ ವಿವಾದ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 2011ರ ಅಕ್ಟೋಬರ್‌ನಲ್ಲಿ ನಮ್ಮ ಮೆಟ್ರೊದ ಮೊದಲ ಮಾರ್ಗ ಬೈಯಪ್ಪನಹಳ್ಳಿಯಿಂದಲೇ ಆರಂಭವಾಯಿತು.

ಎಚ್‌ಎಎಲ್: ರಕ್ಷಣಾ ಇಲಾಖೆಯ ಬೇಡಿಕೆಗಳಿಂದಾಗಿ ಎಚ್‌ಎಎಲ್ ಉಳಿಯಿತು. 2019ರ ಅಕ್ಟೋಬರ್‌ನಲ್ಲಿ ವೇತನ ಪರಿಷ್ಕರಣೆಗಾಗಿ ಆರಂಭವಾದ ಅನಿರ್ದಿಷ್ಟಾವಧಿ ಮುಷ್ಕರವು ಹೈಕೋರ್ಟ್‌ನ ಮಧ್ಯಂತರ ಆದೇಶದ ಬಳಿಕ ಸ್ಥಗಿತಗೊಂಡಿತು.

ಯುರೋಪಿನೊಂದಿಗೆ ಹೋಲಿಕೆ

2008ರ ಜಾಗತಿಕ ಆರ್ಥಿಕ ಕುಸಿತದ ನಂತರ ಯುರೋಪಿನ ದೇಶಗಳು ಭಿನ್ನ ಮಾರ್ಗಗಳನ್ನು ಹಿಡಿದವು. ಜರ್ಮನಿಯಲ್ಲಿ ಕೆಲಸದ ಅವಧಿಯನ್ನು ಇಳಿಸಿ, ಕಳೆದುಹೋದ ವೇತನದ ಒಂದು ಭಾಗವನ್ನು ಸರ್ಕಾರಿ ಉದ್ಯೋಗ ಸಂಸ್ಥೆಯ ಮೂಲಕ ತುಂಬಿಕೊಡುವ ಅಲ್ಪಾವಧಿ ಕೆಲಸದ ವ್ಯವಸ್ಥೆಯನ್ನು ವಿಸ್ತರಿಸಲಾಯಿತು. 2009ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಕಾರ್ಮಿಕರು ಇದರ ಪ್ರಯೋಜನ ಪಡೆದರು. ಗ್ರೀಸ್‌ನಲ್ಲಿ ಸಾಲದ ಷರತ್ತುಗಳಿಗೆ ಅನುಗುಣವಾಗಿ 2012ರಲ್ಲಿ ಕನಿಷ್ಠ ವೇತನವನ್ನು ಶೇಕಡ 22ರಷ್ಟು, 25 ವರ್ಷದೊಳಗಿನವರಿಗೆ ಶೇಕಡ 32ರಷ್ಟು ಕಡಿತಗೊಳಿಸಲಾಯಿತು. ಆ ವರ್ಷದ ನವೆಂಬರ್ 14ರಂದು ಸ್ಪೇನ್, ಪೋರ್ಚುಗಲ್, ಇಟಲಿ ಮತ್ತು ಗ್ರೀಸ್‌ಗಳಲ್ಲಿ ಏಕಕಾಲಕ್ಕೆ ಮುಷ್ಕರಗಳು ನಡೆದವು. ಜರ್ಮನಿಯ ಕಾರ್ಮಿಕರು ಬಿಕ್ಕಟ್ಟು ಕಳೆಯುವವರೆಗೆ ಉದ್ಯೋಗದಲ್ಲಿಯೇ, ಅಂದರೆ ತಮ್ಮ ಸಂಘದ ಸದಸ್ಯರಾಗಿಯೇ ಉಳಿದರು. ಬೆಂಗಳೂರಿನಲ್ಲಿ ಸ್ವಯಂ ನಿವೃತ್ತಿ ಪಡೆದವರು ಉದ್ಯೋಗದ ಜೊತೆಗೆ ಸಂಘದಿಂದಲೂ ಹೊರಬಿದ್ದರು.

ಇತ್ತೀಚಿನ ಬೆಳವಣಿಗೆಗಳು

ಕೋವಿಡ್ ಕಾಲದಲ್ಲಿ, 2020ರ ಮೇ 22ರಂದು, ಕರ್ನಾಟಕ ಸರ್ಕಾರವು ಕಾರ್ಖಾನೆಗಳಲ್ಲಿ ದಿನಕ್ಕೆ ಹತ್ತು ಗಂಟೆಗಳ ದುಡಿಮೆಗೆ ಅವಕಾಶ ನೀಡಿ ಅಧಿಸೂಚನೆ ಹೊರಡಿಸಿತು. ಇದು ಹೈಕೋರ್ಟ್‌ನಲ್ಲಿ ಪ್ರಶ್ನೆಗೊಳಗಾಗಿ ಜೂನ್ 11ರಂದು ಹಿಂಪಡೆಯಲ್ಪಟ್ಟಿತು. ಗುಜರಾತ್ ಸರ್ಕಾರದ ಇದೇ ಬಗೆಯ ಆದೇಶವನ್ನು ಸುಪ್ರೀಂ ಕೋರ್ಟ್ ಅಕ್ಟೋಬರ್ 1ರಂದು ರದ್ದುಗೊಳಿಸಿತು. ಅದೇ ವರ್ಷ ಸಂಸತ್ತು ಅಂಗೀಕರಿಸಿದ ಕೈಗಾರಿಕಾ ಸಂಬಂಧಗಳ ಸಂಹಿತೆಯು ಪೂರ್ವಾನುಮತಿಯ ಮಿತಿಯನ್ನು ಮತ್ತೆ 300 ಕಾರ್ಮಿಕರಿಗೆ ಏರಿಸಿತು ಮತ್ತು ಎಲ್ಲ ಕೈಗಾರಿಕಾ ಮುಷ್ಕರಗಳಿಗೂ 14 ದಿನಗಳ ಮುನ್ಸೂಚನೆಯನ್ನು ಕಡ್ಡಾಯಗೊಳಿಸಿತು.

ಕಗ್ಗದಾಸಪುರದ ನೆರೆಯಲ್ಲಿರುವ ಸಿ.ವಿ. ರಾಮನ್ ನಗರದಲ್ಲಿ ಈಗ ಮಾಹಿತಿ ತಂತ್ರಜ್ಞಾನ ಕಂಪನಿಗಳೂ ನೆಲೆಗೊಂಡಿವೆ. ಕರ್ನಾಟಕದಲ್ಲಿ ಈ ಕ್ಷೇತ್ರಕ್ಕೆ ಸ್ಥಾಯೀ ಆದೇಶಗಳ ಕಾಯ್ದೆಯಿಂದ ವಿನಾಯಿತಿ ನೀಡುತ್ತ ಬರಲಾಗಿತ್ತು. ಆದರೆ ಈ ವಿನಾಯಿತಿಯು ಸಂಘ ಕಟ್ಟುವ ಹಕ್ಕನ್ನು ಕಸಿದಿರಲಿಲ್ಲ. 2017ರಲ್ಲಿ ಕರ್ನಾಟಕ ರಾಜ್ಯ ಐಟಿ-ಐಟಿಇಎಸ್ ನೌಕರರ ಸಂಘವು 1926ರ ಕಾಯ್ದೆಯಡಿಯಲ್ಲಿಯೇ ನೋಂದಣಿಗೊಂಡಿತು.