ಎಲ್ಲರಂತಲ್ಲದ ಮಗು



ಮಕ್ಕಳಿಗೆ ನಾವು ಹೇಳುವ ಬುದ್ಧಿಮಾತುಗಳಲ್ಲಿ “ಎಲ್ಲರ ಹಾಗೆ ಇರು” ಎಂಬುದಕ್ಕಿಂತ ಹೆಚ್ಚು ಬಳಕೆಯಲ್ಲಿರುವ ಮಾತು ಮತ್ತೊಂದು ಇರಲಾರದು. ನಾನೂ ಅದನ್ನು ಹೇಳಿದವನೇ. ನನ್ನ ಕಿರಿಯ ಮಗಳಿಗೆ ಎಡಗೈ ರೂಢಿ. ಬಳಪವಾಗಲಿ ಪೆನ್ಸಿಲ್ಲಾಗಲಿ ತಾನಾಗಿ ಆ ಕೈಗೇ ಹೋಗುತ್ತಿತ್ತು. ಆರು ತಿಂಗಳ ಕಾಲ ದಿನವೂ ಅದನ್ನು ಬಿಡಿಸಿ ಬಲಗೈಗೆ ಕೊಟ್ಟೆ. ಬಲಗೈಯಲ್ಲಿ ಅಕ್ಷರ ಬರೆಯುವುದನ್ನು ಅವಳು ಕಲಿತಳು. ಚಿತ್ರ ಬರೆಯುವುದನ್ನು ಮಾತ್ರ ಬಿಟ್ಟುಬಿಟ್ಟಳು. ಬಿಟ್ಟಳೆಂಬುದು ನನ್ನ ಗಮನಕ್ಕೆ ಬರಲು ಬಹಳ ದಿನ ಹಿಡಿಯಿತು. ಮಕ್ಕಳ ಚಿತ್ರಪುಸ್ತಕಗಳ ವಿಚಾರವಾಗಿ ತಮ್ಮಲ್ಲಿ ನಾಲ್ಕು ಮಾತು ಅರಿಕೆಮಾಡಬೇಕೆಂದು ನನಗೆ ತೋರಿದ್ದು ಆ ಕಾರಣದಿಂದಲೇ.

ಚಿತ್ರಪುಸ್ತಕವೆಂದರೆ ನಡುನಡುವೆ ಚಿತ್ರಗಳನ್ನು ಸೇರಿಸಿದ ಕಥೆಯಲ್ಲ. ಅದರಲ್ಲಿ ಅರ್ಧ ಕಥೆಯನ್ನು ಮಾತು ಹೇಳುತ್ತದೆ. ಉಳಿದರ್ಧವನ್ನು ಚಿತ್ರ ಹೇಳುತ್ತದೆ. ದೊಡ್ಡವರು ಓದುತ್ತಿರುವಾಗ, ಇನ್ನೂ ಓದಲು ಬಾರದ ಮಗು ನೋಡುತ್ತಿರುತ್ತದೆ; ಎಷ್ಟೋ ವೇಳೆ ಓದುವವರಿಗಿಂತ ಹೆಚ್ಚನ್ನು ಕಂಡಿರುತ್ತದೆ. ಎಲ್ಲರಂತಲ್ಲದ ಒಬ್ಬನು ಎಲ್ಲರ ನಡುವೆ ಬಾಳುವುದು ಹೇಗೆ ಎಂಬುದು ಇಂಥ ಪುಸ್ತಕಗಳಿಗೆ ಪ್ರಿಯವಾದ ವಸ್ತು. ಆದರೆ ಆ ಪ್ರಶ್ನೆಗೆ ಎಲ್ಲ ಪುಸ್ತಕಗಳೂ ಒಂದೇ ಉತ್ತರವನ್ನು ಕೊಡುವುದಿಲ್ಲ.

ಡೆನ್ಮಾರ್ಕ್ ದೇಶದ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ 1843ರಲ್ಲಿ ಪ್ರಕಟಿಸಿದ ಕುರೂಪಿ ಬಾತುಮರಿಯ ಕಥೆಯನ್ನು ತಮ್ಮಲ್ಲಿ ಅನೇಕರು ಬಲ್ಲಿರಿ. ಚಿತ್ರಪುಸ್ತಕವಾಗಿ ಅದು ಎಷ್ಟೋ ಬಾರಿ ಅಚ್ಚಾಗಿದೆ. ಬಾತುಗಳಿಂದ ಕುಕ್ಕಿಸಿಕೊಂಡು, ಕೋಳಿಗಳಿಂದ ಹಳಿಸಿಕೊಂಡು ಅಲೆದ ಮರಿ ಕೊನೆಗೆ ನೀರಿನಲ್ಲಿ ತನ್ನ ನೆರಳನ್ನು ನೋಡಿಕೊಂಡು, ತಾನು ಹಂಸವೆಂದು ತಿಳಿಯುತ್ತದೆ. ನೊಂದ ಮಗುವಿಗೆ ಇದು ದೊಡ್ಡ ಸಮಾಧಾನ, ಇದರಲ್ಲಿ ಸಂದೇಹವಿಲ್ಲ. ಆದರೆ ಸ್ವಲ್ಪ ಆಲೋಚಿಸಿದರೆ, ಬಾತುಗಳು ಆ ಮರಿಯನ್ನು ಒಪ್ಪಿಕೊಂಡದ್ದೇ ಇಲ್ಲವೆಂಬುದು ಗೊತ್ತಾಗುತ್ತದೆ. ಹಂಸಗಳು ಹಂಸವನ್ನು ಒಪ್ಪಿಕೊಂಡವು, ಅಷ್ಟೆ. ಎಂದಿಗೂ ಹಂಸವಾಗದೆ ಉಳಿಯುವ ಮರಿಯ ಗತಿಯೇನು? ಆ ಪ್ರಶ್ನೆಯನ್ನು ಆ ಕಥೆ ಎತ್ತುವುದಿಲ್ಲ.

ಅದನ್ನು ಎತ್ತಿದ ಪುಸ್ತಕವೊಂದು 1936ರಲ್ಲಿ ಅಮೆರಿಕದಲ್ಲಿ ಹೊರಬಂದಿತು. ಮಾತು ಮನ್ರೋ ಲೀಫ್ ಎಂಬವರದು. ಚಿತ್ರ ರಾಬರ್ಟ್ ಲಾಸನ್ ಎಂಬವರದು. ಕಥಾನಾಯಕ ಫರ್ಡಿನಾಂಡ್ ಎಂಬ ಸ್ಪೇನ್ ದೇಶದ ಹೋರಿ. ಓರಗೆಯ ಹೋರಿಗಳೆಲ್ಲ ಕೋಡಿಗೆ ಕೋಡು ಹಚ್ಚಿ ಹೊಡೆದಾಡುತ್ತಿದ್ದರೆ ಇವನಿಗೆ ಮರದ ನೆರಳಿನಲ್ಲಿ ಕುಳಿತು ಹೂವಿನ ವಾಸನೆಯನ್ನು ನೋಡುವುದೇ ಸುಖ. ಬೆಳೆದು ಭಾರಿ ಗೂಳಿಯಾದ ಮೇಲೂ ಇದೇ ಸ್ವಭಾವ. ಒಂದು ದಿನ ತಿಳಿಯದೆ ದುಂಬಿಯ ಮೇಲೆ ಕುಳಿತು, ಅದು ಕುಟುಕಿದ ಉರಿಗೆ ಹುಚ್ಚೆದ್ದು ಕುಣಿಯುತ್ತಾನೆ. ಅದೇ ಹೊತ್ತಿಗೆ ಗೂಳಿಗಳನ್ನು ಆರಿಸಲು ಬಂದಿದ್ದವರು ಅವನನ್ನು ಮಹಾಶೂರನೆಂದು ಭ್ರಮಿಸಿ ಮ್ಯಾಡ್ರಿಡ್ ನಗರದ ಗೂಳಿಕಾಳಗಕ್ಕೆ ಸಾಗಿಸುತ್ತಾರೆ. ಅಲ್ಲಿ ಅವನು ಕಣದ ನಟ್ಟನಡುವೆ ಕುಳಿತು, ನೋಡಲು ಬಂದ ಹೆಂಗಸರ ಮುಡಿಯ ಹೂವಿನ ಪರಿಮಳವನ್ನು ಸವಿಯುತ್ತಾನೆ. ಎಷ್ಟು ಕೆಣಕಿದರೂ ಕಾದಾಡುವುದಿಲ್ಲ. ವಿಧಿಯಿಲ್ಲದೆ ಅವನನ್ನು ಊರಿಗೆ ಹಿಂದಿರುಗಿಸುತ್ತಾರೆ.

ಈ ಕಥೆಯಲ್ಲಿ ಫರ್ಡಿನಾಂಡ್ ಬದಲಾಗುವುದಿಲ್ಲ. ಅವನಲ್ಲಿ ಅಡಗಿದ್ದ ಹಂಸವೊಂದು ಹೊರಬರುವುದೂ ಇಲ್ಲ. ಅವನು ಯಾರನ್ನೂ ಗೆಲ್ಲಲಿಲ್ಲ, ಯಾರಿಗೂ ಉಪಯೋಗಕ್ಕೆ ಬರಲಿಲ್ಲ. ಆದರೂ ಕಥೆ ಅವನನ್ನು ಪ್ರೀತಿಸುತ್ತದೆ. ಲಾಸನ್ನರ ಕಪ್ಪು ಬಿಳುಪಿನ ಚಿತ್ರಗಳು ಈ ಪ್ರೀತಿಗೆ ನಗೆಯನ್ನು ಬೆರೆಸುತ್ತವೆ. ಹೋರಿ ಕೂರುವುದು ಕಾರ್ಕ್ ಮರದ ಕೆಳಗೆ. ಸೀಸೆಯ ಬಿರಡೆಗಳನ್ನು ಮಾಡುವುದು ಆ ಮರದ ತೊಗಟೆಯಿಂದ. ಚಿತ್ರದಲ್ಲಾದರೋ ಬಿರಡೆಗಳೇ ಹಣ್ಣಿನಂತೆ ಕೊಂಬೆಗಳಲ್ಲಿ ಜೋತುಬಿದ್ದಿವೆ. ಇಷ್ಟು ನಿರುಪದ್ರವಿಯಾದ ಪುಸ್ತಕಕ್ಕೂ ಹೆದರಿದವರುಂಟು. ಅದು ಹೊರಬಂದ ವರ್ಷವೇ ಸ್ಪೇನಿನಲ್ಲಿ ಅಂತರ್ಯುದ್ಧ ಆರಂಭವಾಗಿತ್ತು. ಫ್ರಾಂಕೋವಿನ ಸ್ಪೇನಿನಲ್ಲೂ ಹಿಟ್ಲರನ ಜರ್ಮನಿಯಲ್ಲೂ ಅದಕ್ಕೆ ನಿಷೇಧ ಬಿದ್ದಿತು. ಕಾದಾಡಲೊಲ್ಲದ ಗೂಳಿಯ ಚಿತ್ರವನ್ನೂ ಸಹಿಸಲಾರದ ಕಾಲ ಅದು.

ಮೂರನೆಯ ಪುಸ್ತಕ ಜಪಾನಿನ ಹಳ್ಳಿಶಾಲೆಯೊಂದರ ಕಥೆ. ಬರೆದು ಚಿತ್ರಿಸಿದವರು ತಾರೋ ಯಾಷಿಮ. ಜಪಾನಿನ ಸೈನಿಕ ಪ್ರಭುತ್ವವನ್ನು ವಿರೋಧಿಸಿ ಸೆರೆಮನೆ ಕಂಡು, 1939ರಲ್ಲಿ ಅಮೆರಿಕಕ್ಕೆ ಹೋಗಿ ನೆಲಸಿದ ಕಲಾವಿದ ಆತ. 1955ರಲ್ಲಿ ಪ್ರಕಟವಾದ ಅವರ ‘ಕಾಗೆ ಹುಡುಗ’ ಎಂಬ ಪುಸ್ತಕದಲ್ಲಿ ಚಿಬಿ ಎಂಬ ಪುಟ್ಟ ಬಾಲಕನು ಮೇಷ್ಟರಿಗೂ ಹೆದರಿ, ಜೊತೆಯವರಿಗೂ ಹೆದರಿ ಒಬ್ಬನೇ ಕೂರುತ್ತಾನೆ. ದಡ್ಡನೆಂದು ಎಲ್ಲರೂ ಹಾಸ್ಯಮಾಡುತ್ತಾರೆ. ಪುಟದ ವಿಶಾಲವಾದ ಬರಿದಿನಲ್ಲಿ ಅವನನ್ನು ಚಿಕ್ಕದಾಗಿ ಬರೆದಿರುವುದನ್ನು ನೋಡಿದರೆ ಸಾಕು, ಅವನ ಒಂಟಿತನವನ್ನು ಬೇರೆ ವಿವರಿಸಬೇಕಾಗಿಲ್ಲ. ಆರನೆಯ ವರ್ಷ ಇಸೋಬೆ ಎಂಬ ಹೊಸ ಮೇಷ್ಟರು ಬರುತ್ತಾರೆ. ಅವನ ಚಿತ್ರಗಳನ್ನು ಗೋಡೆಗೆ ಹಚ್ಚುತ್ತಾರೆ. ಬಿಡುವಿನಲ್ಲಿ ಅವನೊಡನೆ ಮಾತನಾಡುತ್ತಾರೆ. ಶಾಲೆಯ ಪ್ರದರ್ಶನದ ದಿನ ಚಿಬಿ ವೇದಿಕೆಯನ್ನೇರಿ ಕಾಗೆಗಳ ಬಗೆಬಗೆಯ ಕೂಗನ್ನು ಅನುಕರಿಸುತ್ತಾನೆ. ಆಮೇಲೆ ಮೇಷ್ಟರು ವಿಷಯವನ್ನು ತಿಳಿಸುತ್ತಾರೆ: ಹುಡುಗ ಸೂರ್ಯೋದಯಕ್ಕೆ ಬೆಟ್ಟದ ಮನೆಯನ್ನು ಬಿಟ್ಟು, ಸೂರ್ಯಾಸ್ತಕ್ಕೆ ಹಿಂದಿರುಗುತ್ತ, ಆರು ವರ್ಷ ಒಂದು ದಿನವೂ ತಪ್ಪದೆ ನಡೆದು ಬಂದವನು. ಆ ದಾರಿಯಲ್ಲಿ ಕಲಿತ ಕೂಗುಗಳು ಅವು. ಜೊತೆಯವರು ಅಳುತ್ತಾರೆ. ಅವರ ಕಣ್ಣೀರು ಅವನ ಕಲೆಯನ್ನು ಮೆಚ್ಚಿ ಬಂದುದಲ್ಲ. ಆರು ವರ್ಷ ಪಕ್ಕದಲ್ಲಿದ್ದವನನ್ನು ತಾವು ನೋಡದೆಹೋದೆವಲ್ಲಾ ಎಂದು ಬಂದುದು. ಮೇಷ್ಟರಾದರೋ ಪ್ರದರ್ಶನಕ್ಕೆ ಮೊದಲೇ ಅವನನ್ನು ನೋಡಿದ್ದರು. ಉಪಾಧ್ಯಾಯ ವೃತ್ತಿಯಲ್ಲಿರುವ ನನಗೆ ಈ ಪುಟಗಳನ್ನು ಸುಲಭವಾಗಿ ಮಗುಚಲಾಗುವುದಿಲ್ಲ.

ಇಂಥ ಪುಸ್ತಕಗಳನ್ನು ಓದಿ ಮುಗಿಸಿದೊಡನೆ “ಇದರಿಂದ ನೀನು ಕಲಿಯತಕ್ಕ ನೀತಿಯೇನೆಂದರೆ” ಎಂದು ಹೊರಡುವುದು ನಮ್ಮ ದುರಭ್ಯಾಸ. ದಯವಿಟ್ಟು ಅದನ್ನು ಬಿಡೋಣ. ನಿಧಾನವಾಗಿ ಓದಿ, ಪುಟವನ್ನು ತಿರುವುವ ಅಧಿಕಾರವನ್ನು ಮಗುವಿಗೇ ಒಪ್ಪಿಸಿ, ಅದು ಕೇಳುವ ಪ್ರಶ್ನೆಗಾಗಿ ಕಾಯುವುದು ಮೇಲು. ಆ ಪ್ರಶ್ನೆ ನಮ್ಮ ಕಡೆಗೇ ತಿರುಗಿಬಂದರೆ ಆಶ್ಚರ್ಯಪಡಬೇಕಾಗಿಲ್ಲ.

ಫರ್ಡಿನಾಂಡನ ಕಥೆಯಲ್ಲಿ ಅವನ ತಾಯಿ ಬರುತ್ತಾಳೆ. ಮಗನು ಒಂಟಿಯಾದನೇ ಎಂದು ಅವಳಿಗೆ ಕಳವಳ. ಹೋಗಿ ವಿಚಾರಿಸುತ್ತಾಳೆ. ಅವನು ಸುಖವಾಗಿದ್ದಾನೆಂದು ತಿಳಿದಮೇಲೆ ಅವನನ್ನು ಅವನ ಪಾಡಿಗೆ ಬಿಡುತ್ತಾಳೆ. ಆ ಪುಟಕ್ಕೆ ಬಂದಾಗ ನನ್ನ ಮಗಳು ಕೇಳಿದಳು: “ಅಣ್ಣಾ, ಅವನ ಅಮ್ಮ ಯಾಕೆ ಅವನನ್ನ ಬೈಯಲಿಲ್ಲ?”

ಉತ್ತರ ಹೇಳಲು ನನಗೆ ತೋಚಲಿಲ್ಲ. ಮೇಜಿನ ಮೇಲಿದ್ದ ಪೆನ್ಸಿಲನ್ನು ತೆಗೆದು ಅವಳ ಎಡಗೈಯತ್ತ ಚಾಚಿದೆ. ಅದನ್ನು ತೆಗೆದುಕೊಳ್ಳುವ ಮುನ್ನ ಅವಳು ಒಮ್ಮೆ ನನ್ನ ಮುಖವನ್ನು ನೋಡಿದಳು. ಮಕ್ಕಳು ಹಾಗೆ ನಮ್ಮ ಮುಖವನ್ನು ನೋಡಿ ಅಪ್ಪಣೆಗಾಗಿ ಕಾಯಬೇಕಾದ ಸಂದರ್ಭಗಳು ನಮ್ಮ ಮನೆಗಳಲ್ಲಿ ಕಡಮೆಯಾಗಲಿ ಎಂದು ಹಾರೈಸಿ ಈ ಮಾತುಗಳನ್ನು ಮುಗಿಸುತ್ತೇನೆ.