ದೂರ ನಡೆಯುವವರಿಗೆ ಮುಧೋಳ ನಾಯಿ ಒಗ್ಗುವುದೇ?



ಈಚೆಗೆ ಮಾವಳ್ಳಿ, ಕಾಯ್ಕಿಣಿ, ಬೈಲೂರು ಕಡೆ ಹಳ್ಳಿ ತಿರುಗುವಾಗ ಒಂದು ಪ್ರಶ್ನೆ ಮೇಲಿಂದ ಮೇಲೆ ಕಿವಿಗೆ ಬೀಳುತ್ತಿದೆ. "ಮುಧೋಳದ ನಾಯಿಮರಿ ತರಬೇಕೆಂದಿದ್ದೇವೆ. ಗದ್ದೆ, ತೋಟ, ಬೆಟ್ಟ ಎಂದು ದಿನಕ್ಕೆ ಎರಡು ಮೂರು ಮೈಲಿ ನಡೆಯುವುದು ನಮಗೆ ಇದ್ದದ್ದೇ. ಸಂಗಡ ಬರಲು ಆ ನಾಯಿ ಆದೀತೇ?"

ಇದೇ ಪ್ರಶ್ನೆಗೆ ಹಿಂದೊಮ್ಮೆ ನಾನು ವಿಚಾರ ಮಾಡದೆ ಉತ್ತರ ಕೊಟ್ಟಿದ್ದೆ. "ಓಡುವುದಕ್ಕೇ ಹುಟ್ಟಿದ ನಾಯಿ. ಎಷ್ಟು ನಡೆಸಿದರೂ ದಣಿಯದು" ಎಂದಿದ್ದೆ. ಕೇಳಿದವರು ನಂಬಿದರು, ಮರಿ ತಂದರು, ಮುದ್ದಿನಿಂದ ಸಾಕಿದರು. ಮರುವರ್ಷ ಮೇ ತಿಂಗಳಲ್ಲಿ ಒಂದು ದಿನ ಸೊಪ್ಪಿನ ಬೆಟ್ಟಕ್ಕೆ ಹೋಗುವಾಗ ಅದನ್ನೂ ಕರೆದುಕೊಂಡು ಹೋದರು. ಹಿಂದಿರುಗುವಾಗ ಹೊತ್ತು ಹನ್ನೊಂದು ದಾಟಿತ್ತು. ಬೋಳು ಚಿರೆಕಲ್ಲಿನ ಹಾಸಿನ ಮೇಲೆ ನಾಯಿ ಏದುತ್ತ ಕುಸಿಯಿತು. ಮನೆಗೆ ಹೊತ್ತು ತಂದರೂ ಸಂಜೆಯ ತನಕ ಉಳಿಯಲಿಲ್ಲ. ಆ ಮನೆಯವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಆದರೆ ತಪ್ಪು ಸಲಹೆ ನನ್ನದಾಗಿತ್ತು. ಆದ್ದರಿಂದ ಈ ಸಾರಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ಓದಿ, ಮನೆಮಂದಿಗೂ ಓದಿ ಹೇಳಿ.

ಇದು ಎಂತಹ ನಾಯಿ?

ನಾಯಿಗಳಲ್ಲಿ ಮೂಗಿನಿಂದ ವಾಸನೆ ಹಿಡಿದು ಬೇಟೆಯಾಡುವ ಜಾತಿ ಬೇರೆ, ಕಣ್ಣಿನಿಂದ ಕಂಡು ಅಟ್ಟುವ ಜಾತಿ ಬೇರೆ. ಮುಧೋಳ ನಾಯಿ ಎರಡನೆಯ ಪಂಗಡದ್ದು. ಇಂಗ್ಲೆಂಡಿನ ಗ್ರೇಹೌಂಡ್ ಮತ್ತು ವಿಪೆಟ್ ಎಂಬ ನಾಯಿಗಳೂ ಇದೇ ಪಂಗಡದವು. ವಿಪೆಟ್ ಚಿಕ್ಕ ನಾಯಿ, ಎತ್ತರ ಒಂದೂವರೆ ಅಡಿಯ ಆಸುಪಾಸು. ಉತ್ತರ ಇಂಗ್ಲೆಂಡಿನ ಕಲ್ಲಿದ್ದಲು ಗಣಿಯ ಕೂಲಿಗಳು ಅದನ್ನು ಸಾಕಿ ಓಟದ ಪಂದ್ಯ ಕಟ್ಟುತ್ತಿದ್ದರು. 'ಬಡವನ ಪಂದ್ಯದ ಕುದುರೆ' ಎಂದು ಅದಕ್ಕೆ ಹೆಸರು. ಗಂಟೆಗೆ ಸುಮಾರು ೫೫ ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು. ಆದರೆ ಸ್ವಲ್ಪ ಹೊತ್ತು ಮಾತ್ರ.

ನಮ್ಮ ಮುಧೋಳ ನಾಯಿ ಅದಕ್ಕಿಂತ ಎತ್ತರ. ಗಂಡು ೬೮ರಿಂದ ೭೨ ಸೆಂಟಿಮೀಟರ್, ಹೆಣ್ಣು ೬೪ರಿಂದ ೬೮ ಸೆಂಟಿಮೀಟರ್. ತೂಕ ೨೦ರಿಂದ ೨೮ ಕಿಲೋ. ಉದ್ದ ಮೂತಿ, ಆಳವಾದ ಎದೆ, ಒಳಸೇದಿದ ಹೊಟ್ಟೆ, ತೆಳು ಚರ್ಮ, ಗಿಡ್ಡ ಕೂದಲು. ಬಾಗಲಕೋಟೆ ಜಿಲ್ಲೆಯ ಮುಧೋಳ ಹಿಂದೆ ಘೋರ್ಪಡೆ ಮನೆತನದ ಸಂಸ್ಥಾನ. ಆ ಸೀಮೆಯ ಬೇಡರು ಬೇಟೆಗೆ ಸಾಕಿಕೊಂಡಿದ್ದ ಈ ತಳಿಯನ್ನು ಶ್ರೀಮಂತ ಮಾಲೋಜಿರಾವ್ ಘೋರ್ಪಡೆಯವರು ಆಸ್ಥೆಯಿಂದ ಬೆಳೆಸಿದರು. ಆದ್ದರಿಂದಲೇ ಇದಕ್ಕೆ ಊರಿನ ಹೆಸರು ಬಂದಿತು. ಸಾರ್ಥವಾಹರೊಡನೆ ನಡೆದು ಬಂದ ನಾಯಿಗಳ ಸಂತತಿಯೆಂದು ಹೇಳಿ ಇದನ್ನು ಕಾರವಾನ್ ನಾಯಿ ಎಂದೂ ಕರೆಯುತ್ತಾರೆ. ಭಾರತೀಯ ಅಂಚೆ ಇಲಾಖೆ ೨೦೦೫ರಲ್ಲಿ ಇದರ ಚಿತ್ರವಿರುವ ಐದು ರೂಪಾಯಿಯ ಅಂಚೆಚೀಟಿ ಹೊರಡಿಸಿತು. ೨೦೧೬ರಲ್ಲಿ ಇದರ ಮರಿಗಳನ್ನು ಸೈನ್ಯದ ತರಬೇತಿಗಾಗಿ ಮೇರಠಕ್ಕೆ ಒಯ್ದರು. ಪ್ರಧಾನಮಂತ್ರಿಗಳು ೨೦೨೦ರ ಆಗಸ್ಟ್ ತಿಂಗಳ ಬಾನುಲಿ ಭಾಷಣದಲ್ಲಿ ಇದರ ಹೆಸರು ಹೇಳಿದ ಮೇಲಂತೂ ಎಲ್ಲ ಕಡೆ ಇದರ ಮಾತೇ ಮಾತು.

ಓಟ ಬೇರೆ, ನಡಿಗೆ ಬೇರೆ

ಗಾಡಿ ಎಳೆಯುವ ಎತ್ತನ್ನೂ ಕಂಬಳದ ಕೋಣವನ್ನೂ ಹೋಲಿಸಿ ನೋಡಿ. ಒಂದರ ಕಸುವು ದಿನವಿಡೀ ಸವೆಯುವಂತಹದು; ಇನ್ನೊಂದರದು ಒಂದೇ ಉಸಿರಿನಲ್ಲಿ ಖರ್ಚಾಗುವಂತಹದು. ಕಣ್ಣಿನಿಂದ ಬೇಟೆಯಾಡುವ ನಾಯಿಯ ಮಾಂಸಖಂಡ ಎರಡನೆಯ ಬಗೆಯದು. ಒಂದೆರಡು ಸಾರಿ ಜೋರಾಗಿ ಓಡಿದರೆ ಅದಕ್ಕೆ ತೃಪ್ತಿ. ಉಳಿದ ಹೊತ್ತು ಜಗಲಿಯಲ್ಲಿ ಮಲಗಿ ನಿದ್ದೆ ಮಾಡುತ್ತದೆ. ಇದು ಸೋಮಾರಿತನವಲ್ಲ, ಅದರ ಹುಟ್ಟುಗುಣ.

ಹಾಗಾದರೆ ದೂರ ನಡೆಯಲಾರದೇ? ನಡೆಯಬಲ್ಲದು. ಕ್ರಮವಾಗಿ ರೂಢಿಮಾಡಿದ, ಆರೋಗ್ಯವಾಗಿರುವ, ಪ್ರಾಯದ ಮುಧೋಳ ನಾಯಿ ತಂಪು ಹೊತ್ತಿನಲ್ಲಿ ಎಂಟು ಹತ್ತು ಕಿಲೋಮೀಟರ್ ಸಂತೋಷದಿಂದ ನಿಮ್ಮ ಸಂಗಡ ಬರುತ್ತದೆ. ವಿಪೆಟ್ ಕೂಡ ಹಾಗೆಯೇ. ಸಾಕಿದವರೊಡನೆ ತಾಸುಗಟ್ಟಲೆ ನಡೆಯುತ್ತದೆ. ಆದರೆ ಇದಕ್ಕೆ ಮೂರು ಕಟ್ಟುಪಾಡುಗಳಿವೆ: ವಯಸ್ಸು, ಹೊತ್ತು ಮತ್ತು ಹಗ್ಗ.

ವಯಸ್ಸು: ಮರಿಯ ಎಲುಬು ಬಲಿಯಲು ಒಂದರಿಂದ ಒಂದೂವರೆ ವರ್ಷ ಬೇಕು. ಅಷ್ಟರೊಳಗೆ ದೂರ ನಡೆಸಿದರೆ ಗೆಣ್ಣುಗಳು ಕೆಡುತ್ತವೆ. ತಿಂಗಳಿಗೆ ಐದು ನಿಮಿಷ ಎಂಬುದು ರೂಢಿಯ ಲೆಕ್ಕ. ಅಂದರೆ ನಾಲ್ಕು ತಿಂಗಳ ಮರಿಗೆ ಒಂದು ಸಾರಿಗೆ ಇಪ್ಪತ್ತು ನಿಮಿಷದ ನಡಿಗೆ ಸಾಕು. ದೊಡ್ಡದಾದ ಮೇಲೆಯೂ ವಾರದಿಂದ ವಾರಕ್ಕೆ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸತಕ್ಕದ್ದು. ಊಟವಾದ ಕೂಡಲೇ ಓಡಿಸಬಾರದು. ಆಳ ಎದೆಯ ನಾಯಿಗಳಿಗೆ ಹೊಟ್ಟೆ ಉಬ್ಬರಿಸಿ ತಿರುಚಿಕೊಳ್ಳುವ ಅಪಾಯವಿದೆ.

ಹೊತ್ತು: ಮುಧೋಳದ ಬಿಸಿಲು ನಮ್ಮದಕ್ಕಿಂತ ಹೆಚ್ಚು, ಅಲ್ಲಿ ಬದುಕಿದ ನಾಯಿಗೆ ಇಲ್ಲಿನ ಬಿಸಿಲೇನು ಎಂದು ನಾನೂ ಭಾವಿಸಿದ್ದೆ. ತಪ್ಪಿದ್ದು ಇಲ್ಲಿಯೇ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ಏದಿ, ಬಾಯಿಯ ತೇವ ಆರಿಸಿಕೊಂಡು ಮೈ ತಂಪು ಮಾಡಿಕೊಳ್ಳುತ್ತದೆ. ಬಯಲುಸೀಮೆಯ ಒಣಗಾಳಿಯಲ್ಲಿ ತೇವ ಬೇಗ ಆರುತ್ತದೆ. ನಮ್ಮ ಕರಾವಳಿಯ ಗಾಳಿಯೇ ನೀರು ಕುಡಿದ ಗಾಳಿ. ಒಗೆದ ಬಟ್ಟೆಯೇ ಸರಿಯಾಗಿ ಒಣಗದು, ನಾಯಿಯ ನಾಲಿಗೆ ಹೇಗೆ ಆರೀತು? ಆದ್ದರಿಂದ ಮಾರ್ಚಿಯಿಂದ ಮೇ ತನಕ ಬೆಳಿಗ್ಗೆ ಎಂಟರೊಳಗೆ, ಇಲ್ಲವೇ ಸಂಜೆ ಐದರ ಮೇಲೆ ಮಾತ್ರ ನಡೆಸಿರಿ. ಚಿರೆಕಲ್ಲು, ಟಾರು ರಸ್ತೆ ಅಥವಾ ಸಮುದ್ರದಂಡೆಯ ಒಣ ಮರಳಿನ ಮೇಲೆ ಮೊದಲು ಅಂಗೈಯ ಹಿಂಬದಿಯನ್ನು ಇಟ್ಟು ನೋಡಿ. ನಿಮಗೆ ತಡೆಯದ ಬಿಸಿ ಅದರ ಪಾದಕ್ಕೂ ತಡೆಯದು.

ಅತಿಯಾಗಿ ಏದುವುದು, ಜೊಲ್ಲು ಸುರಿಸುವುದು, ತೂರಾಡುವುದು ಕಂಡರೆ ಅಲ್ಲಿಯೇ ನಿಲ್ಲಿಸಿ ನೆರಳಿಗೆ ಒಯ್ಯಿರಿ. ಮೈಮೇಲೆಲ್ಲ ತಣ್ಣೀರು ಸುರಿದು ಗಾಳಿ ಹಾಕಿ. ತಾನಾಗಿ ಕುಡಿದರೆ ನೀರು ಕೊಡಿ, ಬಾಯಿಗೆ ಹೊಯ್ಯಬೇಡಿ. ಮೈ ತಂಪು ಮಾಡಿದ ಮೇಲೆ ತಡಮಾಡದೆ ಪಶುವೈದ್ಯರ ಬಳಿಗೆ ಒಯ್ಯಬೇಕು. ಆ ದಿನ ಬೆಟ್ಟದ ಬುಡದಲ್ಲಿಯೇ ಹಳ್ಳವಿತ್ತು. ಅದರ ನೀರನ್ನು ಮೈಗೆ ಸುರಿಯಬೇಕೆಂದು ನಾನು ಮೊದಲೇ ತಿಳಿಸಿದ್ದರೆ ಆ ನಾಯಿ ಬದುಕುವ ಸಂಭವವಿತ್ತು.

ಹಗ್ಗ: ಈ ನಾಯಿಯ ಕಣ್ಣಿಗೆ ಓಡುವುದೊಂದು ಬಿದ್ದರೆ ಕಿವಿ ಮುಚ್ಚಿತೆಂದೇ ತಿಳಿಯಿರಿ. ಎಷ್ಟು ಕೂಗಿದರೂ ಹಿಂದಿರುಗದು. ಅದು ಮೊಲವೋ, ನೆರೆಮನೆಯ ಕೋಳಿಯೋ, ಆಡಿನ ಮರಿಯೋ ಎಂಬ ಭೇದವಿಲ್ಲ. ನಮ್ಮ ಹಳ್ಳಿಗಳ ನಡುವೆಯೇ ರಾಷ್ಟ್ರೀಯ ಹೆದ್ದಾರಿ ೬೬ ಹಾದುಹೋಗಿದೆ. ಪಕ್ಕದಲ್ಲಿ ಕೊಂಕಣ ರೈಲು ಹಳಿಯಿದೆ. ಅಟ್ಟಿಸಿಕೊಂಡು ಹೋಗುವ ನಾಯಿ ಲಾರಿ ನೋಡುವುದಿಲ್ಲ. ಆದ್ದರಿಂದ ಹೊರಗೆ ಹೋದಾಗಲೆಲ್ಲ ಹಗ್ಗ ಕೈಯಲ್ಲಿರಬೇಕು. ಇದರ ತಲೆ ಕತ್ತಿಗಿಂತ ಸಪೂರ. ಸಾಧಾರಣ ಪಟ್ಟಿಯಿಂದ ಜಾರಿಕೊಳ್ಳುತ್ತದೆ. ಅಗಲವಾದ ಕತ್ತುಪಟ್ಟಿಯನ್ನು ಎರಡು ಬೆರಳು ತೂರುವಷ್ಟು ಮಾತ್ರ ಸಡಿಲ ಬಿಟ್ಟು ಕಟ್ಟಿರಿ. ಹಗ್ಗ ತೀರ ಉದ್ದವಿದ್ದರೂ ಕೆಟ್ಟದ್ದು. ಪೂರ್ಣ ವೇಗದಲ್ಲಿ ಓಡಿ ಹಗ್ಗದ ತುದಿ ಮುಟ್ಟಿದರೆ ಕತ್ತಿಗೆ ಪೆಟ್ಟು ಬೀಳುತ್ತದೆ. ಓಟಕ್ಕೆ ಬಿಡುವುದಾದರೆ ಸುತ್ತ ಎತ್ತರದ ಪಾಗಾರವಿರುವ ತೆಂಗಿನ ತೋಟದಲ್ಲಿ ಬಿಡಿ. ಮುಳ್ಳುತಂತಿಯ ಬೇಲಿ ಬೇಡ. ಇದರ ಚರ್ಮ ಕಾಗದದಂತೆ ಹರಿಯುತ್ತದೆ.

ಮುರ್ಡೇಶ್ವರದ ಸಮುದ್ರದಂಡೆ ಬಯಲಲ್ಲವೇ ಎಂದು ಕೆಲವರು ಕೇಳುತ್ತಾರೆ. ಅಲ್ಲಿ ಯಾತ್ರಿಕರ ಸಂದಣಿ, ಬಲೆ ಹರಡುವ ಮೀನುಗಾರರು, ಬೀದಿನಾಯಿಗಳ ಹಿಂಡು. ನಸುಕಿನಲ್ಲಿ ಹಗ್ಗ ಹಿಡಿದು ಒದ್ದೆ ಮರಳಿನ ಮೇಲೆ ನಡೆಸಬಹುದು, ಬಿಡಬಾರದು. ಉಪ್ಪುನೀರು ಕುಡಿಯಲು ಬಿಡದೆ, ಮನೆಗೆ ಬಂದ ಮೇಲೆ ಕಾಲು ಹೊಟ್ಟೆಗಳನ್ನು ಸಿಹಿನೀರಿನಿಂದ ತೊಳೆಯಿರಿ.

ಬೆಟ್ಟಕ್ಕೆ ಹೋಗುವವರು ಗಮನಿಸಬೇಕಾದದ್ದು

ಒಂದನೆಯದು ಉಣ್ಣೆ ಹುಳ. ೧೯೫೭ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ನಮ್ಮ ಜಿಲ್ಲೆಯ ಸಿದ್ದಾಪುರ, ಹೊನ್ನಾವರದ ಕಡೆಗೂ ಬಂದಿದೆ. ಉಣ್ಣೆ ಕಚ್ಚುವುದರಿಂದ ಅದು ಮನುಷ್ಯರಿಗೆ ಹರಡುತ್ತದೆ. ಬೇಸಗೆ ಮುಗಿಯುವವರೆಗೆ ಇದರ ಕಾಲ. ಕಾಡಿನಿಂದ ಬಂದ ನಾಯಿ ಮೈಮೇಲೆ ಉಣ್ಣೆ ಹೊತ್ತು ತಂದೀತು. ಆ ತಿಂಗಳುಗಳಲ್ಲಿ ನಾಯಿಯನ್ನು ಕಾನಿನೊಳಗೆ ಒಯ್ಯದಿರುವುದೇ ಲೇಸು. ಒಯ್ದರೆ ಮನೆಯೊಳಗೆ ಬಿಡುವ ಮುಂಚೆ ಕಿವಿ, ಕಂಕುಳು, ಬೆರಳಸಂದು ನೋಡಿ ಉಣ್ಣೆಗಳನ್ನು ಚಿಮುಟದಿಂದ ತೆಗೆಯಿರಿ; ಬೆರಳಿನಿಂದ ಹಿಸುಕಬೇಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿರಿ.

ಎರಡನೆಯದು ಕಾನೂನು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಕಾಡುಪ್ರಾಣಿಯನ್ನು ಕೊಲ್ಲುವುದಷ್ಟೇ ಅಲ್ಲ, ಅಟ್ಟುವುದೂ ಬೇಟೆಯೇ. ಹಂದಿ, ಮಂಗಗಳನ್ನು ತೋಟದಿಂದ ಓಡಿಸಲೆಂದು ಈ ನಾಯಿ ತರುವವರಿದ್ದಾರೆ. ಹಂದಿಯ ಕೋರೆಗೆ ಇದರ ತೆಳುಚರ್ಮ ನಿಲ್ಲದು. ಮಂಗ ಮರ ಹತ್ತಿದರೆ ಇದು ಕೆಳಗೆ ನಿಂತು ನೋಡುತ್ತದೆ ಅಷ್ಟೆ. ಬೆಳೆ ಕಾಯುವ ಆಸೆಯಿಂದ ಇದನ್ನು ತರಬೇಡಿ. ರಾತ್ರಿ ಅಂಗಳದಲ್ಲಿ ಕಟ್ಟಿಹಾಕಿದರೆ ಚಿರತೆಯ ಪಾಲಾದೀತು.

ಮಳೆಗಾಲ

ಮುಧೋಳದಲ್ಲಿ ವರ್ಷವಿಡೀ ಬೀಳುವ ಮಳೆ ನಮ್ಮ ಜೂನ್ ತಿಂಗಳೊಂದರ ಮಳೆಗೂ ಸಮವಾಗದು. ಮೈಮೇಲೆ ಕೊಬ್ಬೂ ಇಲ್ಲದ, ದಪ್ಪ ಕೂದಲೂ ಇಲ್ಲದ ಈ ನಾಯಿ ನೆನೆದರೆ ನಡುಗುತ್ತದೆ. ಮಳೆ ಬಿಡುವು ಕೊಟ್ಟಾಗ ಸ್ವಲ್ಪ ನಡೆಸಿ, ಬಂದ ಕೂಡಲೇ ಒರೆಸಿ, ಬೆರಳಸಂದುಗಳನ್ನು ಒಣಗಿಸಿರಿ. ಒದ್ದೆ ನೆಲದ ಮೇಲೆ ಮಲಗಿಸದೆ ಹಲಗೆ ಹಾಕಿ ಮೇಲೆ ಗೋಣಿ ಹಾಸಿರಿ. ಇಲ್ಲವಾದರೆ ಎಲುಬು ಊರಿದ ಕಡೆ ಹುಣ್ಣಾಗುತ್ತದೆ. ಗದ್ದೆಯ ನೀರಿನಲ್ಲಿ ಇಲಿಯ ಮೂತ್ರದಿಂದ ಹರಡುವ ಇಲಿಜ್ವರ ನಾಯಿಗೂ ಬರುತ್ತದೆ, ನಮಗೂ ಬರುತ್ತದೆ. ಇಲಿಪಾಷಾಣ ಇಟ್ಟ ಗದ್ದೆಯ ಬದುವಿನಲ್ಲಿಯೂ ಅಡಿಕೆಗೆ ಔಷಧ ಹೊಡೆದ ತೋಟದಲ್ಲಿಯೂ ನಾಯಿಯನ್ನು ಅಲೆಯಬಿಡಬೇಡಿ.

ಲಸಿಕೆ ತಪ್ಪಿಸಬಾರದು

ಮರಿಗೆ ಆರರಿಂದ ಎಂಟು ವಾರವಾದಾಗ ಮೊದಲ ಲಸಿಕೆ, ಮೂರು ನಾಲ್ಕು ವಾರಗಳ ತರುವಾಯ ಮತ್ತೆ. ಇಲಿಜ್ವರದ ಲಸಿಕೆಯೂ ಅದರಲ್ಲಿ ಸೇರಿದೆಯೇ ಎಂದು ಕೇಳಿ ಹಾಕಿಸಿ. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ. ಬಳಿಕ ಪಶುವೈದ್ಯರು ಹೇಳಿದಂತೆ ವರ್ಷ ವರ್ಷವೂ ಹಾಕಿಸಬೇಕು. ಯಾವ ನಾಯಿ ಕಚ್ಚಿದರೂ, ಸಾಕಿದ ನಾಯಿಯೇ ಆದರೂ, ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು ಅದೇ ದಿನ ಸರಕಾರಿ ಆಸ್ಪತ್ರೆಗೆ ಹೋಗಿರಿ. ಸುಣ್ಣ, ಅರಿಸಿನ ಹಚ್ಚಿ ಸುಮ್ಮನಿರಬೇಡಿ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿಸುವ ಮದ್ದಿಲ್ಲ.

ಇನ್ನೊಂದು ಮಾತು: ಈ ಜಾತಿಯ ನಾಯಿಗೆ ಕೆಲವು ಅರಿವಳಿಕೆ ಔಷಧಗಳ ಅಮಲು ಬೇಗ ಇಳಿಯುವುದಿಲ್ಲ. ಶಸ್ತ್ರಚಿಕಿತ್ಸೆಗೆ ಒಯ್ದಾಗ ಇದು ಮುಧೋಳದ ನಾಯಿಯೆಂದು ಮೊದಲೇ ಹೇಳಿರಿ.

ತರುವ ಮುಂಚೆ ನಿಮ್ಮನ್ನೇ ಕೇಳಿಕೊಳ್ಳಿ

೧. ಬಿಸಿಲೇರುವ ಮುಂಚೆ ದಿನವೂ ಅರ್ಧ ಮುಕ್ಕಾಲು ತಾಸು, ಸಂಜೆ ಮತ್ತೆ ಅಷ್ಟೇ ಹೊತ್ತು, ಅದನ್ನು ನಡೆಸುವವರು ಮನೆಯಲ್ಲಿ ಇದ್ದಾರೆಯೇ? ಕೆಲಸದ ನಡಿಗೆಯಲ್ಲಿ ಎರಡೂ ಕೈಗೆ ಕೆಲಸವಿರುತ್ತದೆ. ಹಗ್ಗ ಹಿಡಿಯುವವರು ಯಾರು?

೨. ಓಡಲು ಪಾಗಾರವಿರುವ ಜಾಗವಿದೆಯೇ?

೩. ಮನೆಯಲ್ಲಿ, ನೆರೆಯಲ್ಲಿ ಕೋಳಿ, ಆಡುಗಳು ಬಿಡುಬೀಸಾಗಿ ಇವೆಯೇ?

೪. ಮಳೆಗಾಲದಲ್ಲಿ ಒಳಗೆ ಒಣ ಜಾಗ ಕೊಡಬಲ್ಲಿರಾ?

೫. ಹತ್ತು ಹನ್ನೆರಡು ವರ್ಷ ಅನ್ನ, ಲಸಿಕೆ, ಆರೈಕೆ ನಡೆಸಬಲ್ಲಿರಾ?

ಐದಕ್ಕೂ ಸಮಾಧಾನದ ಉತ್ತರ ಬಂದರೆ ತನ್ನಿ. ಮುಧೋಳದ ಬಳಿ ತಿಮ್ಮಾಪುರದಲ್ಲಿ ಬೀದರದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. ಅಲ್ಲಿ ವಿಚಾರಿಸಿ, ತಾಯಿನಾಯಿಯನ್ನು ಕಂಡು ತರುವುದು ಉತ್ತಮ. ಸಂತೆಯಲ್ಲಿ ಹೆಸರು ಹೇಳಿ ಮಾರುವವರನ್ನು ನಂಬಬೇಡಿ.

ಉತ್ತರ ಬಾರದಿದ್ದರೆ ಬೇಸರ ಬೇಡ. ಬೆಟ್ಟ, ಗದ್ದೆ, ಮಳೆ, ಉರಿಬಿಸಿಲು ಎಲ್ಲಕ್ಕೂ ಒಗ್ಗಿದ, ಕರೆದರೆ ಬರುವ, ಕೋಳಿಯ ನಡುವೆಯೇ ಬೆಳೆದ ನಮ್ಮ ಊರುನಾಯಿ ಇದ್ದೇ ಇದೆ. ಅದಕ್ಕೂ ಲಸಿಕೆ ಹಾಕಿಸಿ, ಹೊತ್ತಿಗೆ ಸರಿಯಾಗಿ ಅನ್ನ ಹಾಕಿದರೆ, ದೂರದ ನಡಿಗೆಗೆ ಅದಕ್ಕಿಂತ ಒಳ್ಳೆಯ ಸಂಗಾತಿ ಈ ಸೀಮೆಯಲ್ಲಿ ಸಿಗದು.

ಮರಿ ತರಬೇಕೆಂದಿರುವವರು ಮೊದಲು ಪಶು ಚಿಕಿತ್ಸಾಲಯದಲ್ಲಿ ಒಂದು ಮಾತು ಕೇಳಿರಿ. ನನ್ನನ್ನು ದಾರಿಯಲ್ಲಿ ಕಂಡಾಗ ನಿಲ್ಲಿಸಿ ಕೇಳಿದರೂ ಆಯಿತು. ಈ ಸಾರಿ ಯೋಚಿಸಿಯೇ ಉತ್ತರ ಹೇಳುತ್ತೇನೆ.

— ನಿಮ್ಮ ಗ್ರಾಮಸೇವಕ