ಒಂದು ಕೋಟಿ ಸೈನಿಕರಲ್ಲಿ ಮೂವತ್ತೈದು ಮಂದಿ

ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ ಆ ದೇಶದ ರಕ್ಷಣಾ ಇಲಾಖೆಯ ಶೀತಲ ಉಗ್ರಾಣವೊಂದಿದೆ. ಒಳಗಿರುವುದು ಸೈನಿಕರ ರಕ್ತದಿಂದ ಬೇರ್ಪಡಿಸಿದ ಸೀರಂ: 6.2 ಕೋಟಿಗೂ ಹೆಚ್ಚು ಮಾದರಿಗಳು. 2011ರ ಜನಗಣತಿಯ ಕರ್ನಾಟಕಕ್ಕೆ ತಲೆಗೊಂದರಂತೆ ಹಂಚಿದರೂ ಎಂಟೊಂಬತ್ತು ಲಕ್ಷ ಮಿಗುತ್ತವೆ. ಸೇನೆಗೆ ಸೇರುವಾಗ ಒಮ್ಮೆ, ಆಮೇಲೆ ಸುಮಾರು ಎರಡು ವರ್ಷಕ್ಕೊಮ್ಮೆ ಎಚ್‌ಐವಿ ಪರೀಕ್ಷೆಗೆಂದು ತೆಗೆದ ರಕ್ತದಲ್ಲಿ ಮಿಕ್ಕಿದ್ದನ್ನು ಹೀಗೆ ಕಾದಿಟ್ಟಿದ್ದಾರೆ. ಮಲ್ಟಿಪಲ್ ಸ್ಕ್ಲೆರೋಸಿಸ್‌ನ ಮೂಲ ಹುಡುಕಲು ಕೊನೆಗೆ ಒದಗಿಬಂದದ್ದು ಈ ಮಿಕ್ಕಿದ್ದೇ.

ಎಂ.ಎಸ್. ಎಂದು ಚಿಕ್ಕದಾಗಿ ಕರೆಯುವ ಈ ಕಾಯಿಲೆಯನ್ನು ಪ್ಯಾರಿಸ್‌ನ ವೈದ್ಯ ಶಾರ್ಕೋ 1868ರಲ್ಲೇ ವಿವರಿಸಿದ್ದ. ಇಲ್ಲಿ ಬೇಲಿಯೇ ಎದ್ದು ಹೊಲ ಮೇಯುತ್ತದೆ: ದೇಹ ಕಾಯಬೇಕಾದ ರೋಗನಿರೋಧಕ ಕೋಶಗಳು ಮಿದುಳು, ಬೆನ್ನುಹುರಿಗಳ ನರತಂತುಗಳಿಗೆ ಸುತ್ತಿದ ಮಯಲಿನ್ ಪೊರೆಯನ್ನು ಕಡಿಯುತ್ತವೆ. ಪೊರೆಯಿದ್ದರೆ ಸಂದೇಶ ಸೆಕೆಂಡಿಗೆ 100 ಮೀಟರ್‌ವರೆಗೂ ಓಡೀತು. ಪೊರೆ ಹೋದಲ್ಲಿ ತೆವಳುತ್ತದೆ, ಇಲ್ಲವೇ ನಿಂತೇಬಿಡುತ್ತದೆ. ಕಣ್ಣು ಮಂಜಾಗುತ್ತದೆ, ಕೈಕಾಲು ಜೋಮು ಹಿಡಿಯುತ್ತವೆ, ನಡಿಗೆ ತಪ್ಪುತ್ತದೆ. ಜಗತ್ತಿನಲ್ಲಿ 28 ಲಕ್ಷಕ್ಕೂ ಹೆಚ್ಚು ಜನ ಇದರೊಂದಿಗೆ ಬದುಕುತ್ತಿದ್ದಾರೆ.

ಎಪ್‌ಸ್ಟೀನ್–ಬಾರ್ ವೈರಸ್ಸಿನ ಮೇಲೆ ಅನುಮಾನ ಹಳೆಯದು. ಆದರೆ ಅದು ನೂರಕ್ಕೆ 95 ವಯಸ್ಕರ ಮೈಯಲ್ಲಿದೆ. ಒಮ್ಮೆ ಹೊಕ್ಕರೆ ಸಾಯುವವರೆಗೂ ಬಿಡದು. ಊರಿಗೆ ಊರೇ ಇರುವ ಕಡೆ ಕಳ್ಳನನ್ನು ಗುರುತಿಸುವುದು ಹೇಗೆ? ವೈರಸ್ ಇಲ್ಲದ ಆ ಐದು ಮಂದಿಯನ್ನು ಹಿಡಿದು, ಮುಂದೆ ಅವರಿಗೆ ಏನಾಗುತ್ತದೆಂದು ವರ್ಷಗಟ್ಟಲೆ ನೋಡಬೇಕು. ಕಾಯಿಲೆಯೇ ಅಪರೂಪ, ಅದರಲ್ಲೂ ಬೇಕಾದವರು ಇಪ್ಪತ್ತರಲ್ಲೊಬ್ಬರು. ಸಾವಿರ ಜನರ ಅಧ್ಯಯನ ಇಲ್ಲಿ ಏನೂ ಹೇಳದು. ಹತ್ತು ಸಾವಿರವೂ ಸಾಲದು.

ಹಾರ್ವರ್ಡ್‌ನ ಆಲ್ಬರ್ಟೊ ಅಶೇರಿಯೊ ತಂಡ ನೋಡಿದ್ದು ಒಂದು ಕೋಟಿಗೂ ಹೆಚ್ಚು ಸೈನಿಕರ ಇಪ್ಪತ್ತು ವರ್ಷಗಳ ದಾಖಲೆ. ಅವರಲ್ಲಿ ಎಂ.ಎಸ್. ಬಂದವರು 955. ಪರೀಕ್ಷಿಸಲು ಸಾಕಷ್ಟು ಸೀರಂ ಇದ್ದದ್ದು 801 ಮಂದಿಯದು. ಮೊದಲ ಮಾದರಿಯಲ್ಲಿ ವೈರಸ್ಸಿನ ಸುಳಿವಿಲ್ಲದವರು ಬರೀ 35. ಕಾಯಿಲೆ ತಲೆದೋರುವ ಮುನ್ನ ಈ 35ರಲ್ಲಿ 34 ಮಂದಿಗೆ ವೈರಸ್ ತಗುಲಿತ್ತು. ತಗುಲಿದ ಮೇಲೆ ಅಪಾಯ ಏರಿದ್ದು 32 ಪಟ್ಟು. ಅದೇ ರೀತಿ ಹರಡುವ ಇನ್ನೊಂದು ವೈರಸ್ಸನ್ನೂ ಅವರು ಪರೀಕ್ಷಿಸಿದ್ದರು. ಅದರಿಂದ ಅಪಾಯ ಏರಿರಲೇ ಇಲ್ಲ. 2022ರ ಜನವರಿಯಲ್ಲಿ ಇದು 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಕೋಟಿಯಿಂದ ಹೊರಟು ಮೂವತ್ತೈದಕ್ಕೆ ಬಂದು ನಿಂತ ಈ ಲೆಕ್ಕ, ನನ್ನ ಮಟ್ಟಿಗೆ, ಈ ಶತಮಾನದ ವೈದ್ಯಕೀಯದ ಅತಿ ಚೆಂದದ ಲೆಕ್ಕಗಳಲ್ಲೊಂದು.

ಹಾಗಾದರೆ ವೈರಸ್ ಹೊತ್ತ ಕೋಟಿ ಕೋಟಿ ಜನ ಹೇಗೆ ಪಾರಾದರು? ಉತ್ತರ ಅರ್ಧ ಡಿಎನ್‌ಎಯಲ್ಲಿದೆ. 2019ರಲ್ಲಿ ಅಂತರರಾಷ್ಟ್ರೀಯ ತಂಡವೊಂದು 47,429 ರೋಗಿಗಳನ್ನೂ 68,374 ಆರೋಗ್ಯವಂತರನ್ನೂ ಹೋಲಿಸಿತು. 300 ಕೋಟಿ ಅಕ್ಷರಗಳ ಜೀನೋಮಿನಲ್ಲಿ ಅಪಾಯದ ಗುರುತುಗಳು ಕಂಡದ್ದು 233. ಹೆಚ್ಚಿನವು ಒಂದೊಂದೇ ಲೆಕ್ಕಕ್ಕೆ ಸಿಗದಷ್ಟು ಸಣ್ಣವು. ಎಲ್ಲಕ್ಕಿಂತ ಬಲವಾದದ್ದು, ಆರನೇ ಕ್ರೋಮೋಸೋಮಿನ ಎಚ್‌ಎಲ್‌ಎ ವಲಯದ ಒಂದು ಜೀನ್, ಅಪಾಯವನ್ನು ಸುಮಾರು ಮೂರು ಪಟ್ಟು ಮಾಡುತ್ತದೆ. ವೈರಸ್ಸಿನ ಮೂವತ್ತೆರಡರ ಪಕ್ಕದಲ್ಲಿ ಇದನ್ನಿಟ್ಟು ನೋಡಿ. ಒಂದೇ ಡಿಎನ್‌ಎಯ ಅವಳಿಗಳಲ್ಲೂ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಬರುವುದು ನಾಲ್ಕರಲ್ಲಿ ಒಂದು ಸಲ, ಅಷ್ಟೇ.

ಇನ್ನರ್ಧ ರೋಗನಿರೋಧಕ ವ್ಯವಸ್ಥೆಯದು. ಅದರ ಕೋಶಗಳು ಒಬ್ಬ ವಯಸ್ಕನಲ್ಲಿ 1.8 ಲಕ್ಷ ಕೋಟಿ, ಒಟ್ಟು ತೂಕ 1.2 ಕಿಲೋ ಎಂದು ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ತಂಡ 2023ರಲ್ಲಿ ಲೆಕ್ಕ ಹಾಕಿದೆ. ಎದೆಯೊಳಗಿನ ಥೈಮಸ್ ಗ್ರಂಥಿ ಎಳೆಯ ಟಿ-ಕೋಶಗಳನ್ನು ಒರೆಗೆ ಹಚ್ಚಿ, ನೂರರಲ್ಲಿ 95ಕ್ಕೂ ಹೆಚ್ಚನ್ನು ಹೊರಗೇ ಬಿಡುವುದಿಲ್ಲ. ಇಷ್ಟು ಕಟ್ಟುನಿಟ್ಟಿದ್ದೂ ಎಡವಟ್ಟಾಗುತ್ತದೆ. ಸ್ಟ್ಯಾನ್‌ಫರ್ಡ್‌ನವರು 2022ರಲ್ಲಿ ತೋರಿಸಿದಂತೆ, ವೈರಸ್ಸಿನ ಒಂದು ಪ್ರೋಟೀನಿನ ಚಿಕ್ಕ ತುಣುಕು ಮಿದುಳಿನ ಗ್ಲಿಯಾಲ್‌ಕ್ಯಾಮ್ ಪ್ರೋಟೀನನ್ನು ಹೋಲುತ್ತದೆ. ವೈರಸ್ಸಿಗೆಂದು ತಯಾರಾದ ಪ್ರತಿಕಾಯ ಮಿದುಳಿಗೂ ಅಂಟಿಕೊಳ್ಳುತ್ತದೆ.

ಕಾಯಿಲೆ ಎಲ್ಲೆಡೆ ಒಂದೇ ಸಮ ಇಲ್ಲ. ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳಲ್ಲಿ ಲಕ್ಷಕ್ಕೆ 402 ಮಂದಿ. ಮಂಗಳೂರಿನಲ್ಲಿ ನರವೈದ್ಯೆ ಲೇಖಾ ಪಂಡಿತ್ ಮತ್ತು ಸಂಗಡಿಗರು ಎಣಿಸಿದಾಗ ಸಿಕ್ಕದ್ದು ಲಕ್ಷಕ್ಕೆ ಸುಮಾರು 8. ಉತ್ತರ ಯುರೋಪಿನ ಹೆಚ್ಚಳಕ್ಕೆ, ಸುಮಾರು 5,000 ವರ್ಷಗಳ ಹಿಂದೆ ಕಪ್ಪುಸಮುದ್ರದ ಉತ್ತರದ ಹುಲ್ಲುಗಾವಲಿನಿಂದ ದನ–ಕುರಿಗಳೊಂದಿಗೆ ಬಂದ ಯಾಮ್ನಾಯ ಜನರ ಜೀನುಗಳೂ ಕಾರಣ ಎನ್ನುತ್ತದೆ 2024ರ ಪುರಾತನ ಡಿಎನ್‌ಎ ಅಧ್ಯಯನ. ಅಂದು ಸಾಕುಪ್ರಾಣಿಗಳಿಂದ ಬರುತ್ತಿದ್ದ ಸೋಂಕುಗಳನ್ನು ಎದುರಿಸಲು ಅವೇ ಜೀನುಗಳು ನೆರವಾಗಿರಬಹುದು. ಮಂಗಳೂರಿನ 8 ಸಣ್ಣ ಸಂಖ್ಯೆಯೇ. ಆದರೆ ಭಾರತದ ಜನಸಂಖ್ಯೆಗೆ ಗುಣಿಸಿದರೆ ಅದು ಲಕ್ಷ ದಾಟುತ್ತದೆ.

ಎಪ್‌ಸ್ಟೀನ್–ಬಾರ್ ವೈರಸ್ ಪತ್ತೆಯಾದದ್ದು 1964ರಲ್ಲಿ. ಅರವತ್ತು ವರ್ಷ ಕಳೆದರೂ ಅದಕ್ಕೆ ಮಂಜೂರಾದ ಲಸಿಕೆ ಒಂದೂ ಇಲ್ಲ. ಪ್ರಯೋಗಗಳು ಈಗಷ್ಟೇ ನಡೆದಿವೆ.